ಒಂದನೇ ಹಾಸಿಗೆಯ ಹೆಸರು

ಕನಕಪುರದ ಆ ಖಾಸಗಿ ಆಸ್ಪತ್ರೆಯಲ್ಲಿ ರೋಗಿಯ ಕೈಗೆ ಹೆಸರಿನ ಪಟ್ಟಿ ಕಟ್ಟುವ ಪದ್ಧತಿ ಇರಲಿಲ್ಲ. ಹಾಸಿಗೆಯ ನಂಬರೇ ಹೆಸರು. ಮಿಜೋರಾಮಿನಿಂದ ಕೆಲಸಕ್ಕೆ ಬಂದಿದ್ದ ನರ್ಸ್ ಸೋಮಿ ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿತಿದ್ದಳು, ಬೈಗುಳ ನುಂಗುವುದನ್ನೂ ಕಲಿತಿದ್ದಳು. ಇದೊಂದು ಮಾತ್ರ ಅವಳ ಗಂಟಲಲ್ಲಿ ಇಳಿದಿರಲಿಲ್ಲ. ರಕ್ತ ಏರಿಸುವ ಮುಂಚೆ ರೋಗಿಯ ಹೆಸರನ್ನು ನೀನು ಹೇಳಬೇಡ, ಅವರಿಂದಲೇ ಹೇಳಿಸು, ಅವರಿಗೆ ಪ್ರಜ್ಞೆ ಇಲ್ಲದಿದ್ದರೆ ಮನೆಯವರಿಂದ ಹೇಳಿಸು ಎಂದು ಅವಳಿಗೆ ಓದಿದ ಕಡೆ ಹೇಳಿಕೊಟ್ಟಿದ್ದರು.

ಆ ಮಧ್ಯಾಹ್ನ ಮರಳವಾಡಿ ಕಡೆಯಿಂದ ಕುರಿ ತುಂಬಿಕೊಂಡು ಬರುತ್ತಿದ್ದ ಟೆಂಪೊ ಮಗುಚಿಬಿತ್ತು. ಇಬ್ಬರು ಗಂಡಸರನ್ನು ಪ್ರಜ್ಞೆ ಇಲ್ಲದೆ ಹೊತ್ತು ತಂದರು. ಇಬ್ಬರಿಗೂ ತುಂಬಾ ರಕ್ತ ಹೋಗಿತ್ತು. ಕೆಳಗಿನ ತುರ್ತು ಕೋಣೆಯಲ್ಲಿ ಡ್ರೈವರ್ ಇಬ್ಬರ ಹೆಸರೂ ಹೇಳಿ ಪೊಲೀಸರ ಜೊತೆ ಹೋದ. ಅಲ್ಲೇ ಸ್ಯಾಂಪಲ್ ತೆಗೆದು, ಯಾರಿಗೆ ಯಾವ ಹಾಸಿಗೆ ಎಂದು ವಾರ್ಡ್ ಬಾಯ್ ಸ್ವಾಮಿಗೆ ಹೇಳಿ ಮೇಲಕ್ಕೆ ಕಳಿಸಿದರು. ಒಂದನೇ ಹಾಸಿಗೆಯವನ ಹೆಂಡತಿ ಭದ್ರಮ್ಮ ಅದೇ ಟೆಂಪೊದಲ್ಲಿದ್ದಳು. ಅವಳ ಹಣೆ ತರಚಿತ್ತು, ಅಷ್ಟೆ. ಪಕ್ಕದ ಹಾಸಿಗೆಯವನ ಕಡೆಯವರು ಇನ್ನೂ ಬಂದಿರಲಿಲ್ಲ.

ಮೊದಲ ರಕ್ತದ ಚೀಲ ಬಂತು. ಸೀನಿಯರ್ ಸಿಸ್ಟರ್ ಗಂಗಲಕ್ಷ್ಮಮ್ಮ ಅದನ್ನು ಸೋಮಿಯ ಕೈಗಿಟ್ಟರು.

"ಒಂದನೇ ಬೆಡ್. ಬೇಗ ಹಾಕು."

ಸೋಮಿ ಭದ್ರಮ್ಮನ ಕಡೆ ತಿರುಗಿದಳು. "ಅಮ್ಮ, ಇವರ ಹೆಸರು ಹೇಳಿ."

ಭದ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನಮ್ಮನೆಯವ್ರು ಕಣವ್ವ."

"ಹೆಸರು?"

"ಶಿವರಾಜನ ಅಪ್ಪ."

ಸೋಮಿಗೆ ಸಿಟ್ಟೇ ಬಂತು. ಅವಳ ಊರಿನಲ್ಲಿ ಹೆಂಡತಿ ಗಂಡನನ್ನು ಇಡೀ ಬೀದಿಗೆ ಕೇಳುವಂತೆ ಹೆಸರು ಹಿಡಿದೇ ಕೂಗುತ್ತಾಳೆ. ಇಲ್ಲಿ ಗಂಡ ಇವತ್ತೋ ನಾಳೆಯೋ ಎಂಬಂತೆ ಮಲಗಿದ್ದಾನೆ, ಈಕೆ ಹೆಸರು ಬಚ್ಚಿಡುತ್ತಿದ್ದಾಳೆ.

"ನಮ್ ಕಡೆ ಗಂಡನ ಹೆಸ್ರು ಹೇಳಾಕಿಲ್ಲ ಕಣಮ್ಮ. ಹೇಳುದ್ರೆ ಅವರ ಆಯಸ್ಸು ಕಮ್ಮಿ ಆಯ್ತದೆ ಅಂತ," ಗಂಗಲಕ್ಷ್ಮಮ್ಮ ಹೇಳಿದರು. "ಮಗ ಹಾರೋಹಳ್ಳಿ ಫ್ಯಾಕ್ಟರೀಲವ್ನೆ, ಒಳಗೆ ಫೋನ್ ಬುಡಾಕಿಲ್ಲ. ಅವ್ನು ಬರೋಗಂಟ ಕಾಯ್ತಾ ಕೂತಿರ್ತೀಯಾ? ಹಾಕು."

"ಹೆಸರು ಕೇಳದೆ ಹಾಕಲ್ಲ, ಸಿಸ್ಟರ್."

ಗಂಗಲಕ್ಷ್ಮಮ್ಮ ಕೆಟ್ಟವರಲ್ಲ, ಅವಸರದವರು. ಆಸ್ಪತ್ರೆಗಳಲ್ಲಿ ಅವಸರಕ್ಕೆ ಸಿಗುವ ಮರ್ಯಾದೆ ಬೇರೆ ಯಾವುದಕ್ಕೂ ಸಿಗುವುದಿಲ್ಲ.

"ಬಿ.ಪಿ. ಇಳೀತಾ ಐತೆ, ಕಣ್ ಕಾಣಲ್ವಾ ನಿಂಗೆ? ಈ ಮನುಷ್ಯಂಗೆ ಏನಾರಾ ಆದ್ರೆ ನಾಳೆಯಿಂದ ನಿಂಗೆ ಇಲ್ಲಿ ಕೆಲಸ ಇಲ್ಲ. ನಿಮ್ಮೂರ್ ರೈಲು ಹತ್ತು."

ಸೋಮಿ ಬಿ.ಪಿ. ಅಂಕಿ ನೋಡಿದಳು. ಕೆಲಸ ಹೋಗಲಿ, ತನ್ನ ಹಟಕ್ಕೆ ಒಂದು ಜೀವವೇ ಹೋದರೆ? ಹಾಕಿಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಆದರೂ ಚೀಲವನ್ನು ಬಿಡದೆ ಭದ್ರಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅಮ್ಮ, ನಿಮ್ಮ ಪದ್ಧತಿ ನನಗೆ ಗೊತ್ತಿಲ್ಲ. ಬೇರೆ ರೋಗಿಗೆ ಅಂತ ಬಂದ ರಕ್ತ ಹಾಕಿದ್ರೆ ಇವರು ಸಾಯ್ತಾರೆ. ಇಷ್ಟು ಗೊತ್ತು."

ಭದ್ರಮ್ಮ ಗಂಡನ ಮುಖ ನೋಡಿದಳು. ತುಟಿ ಬಿಳಿಚಿಕೊಂಡಿತ್ತು. ಅವಳು ಗೋಡೆಯ ಕಡೆ ತಿರುಗಿ, ಕಣ್ಣು ಮುಚ್ಚಿ, ಹೇಳಿಯೇಬಿಟ್ಟಳು.

"ಬೀರಲಿಂಗಯ್ಯ."

ಹೇಳಿದವಳೇ ಬಾಯಿ ಬಡಿದುಕೊಂಡು ಅಳತೊಡಗಿದಳು. ಸೋಮಿ ಚೀಲದ ಮೇಲಿನ ಹೆಸರು ಓದಿದಳು. ಮತ್ತೊಮ್ಮೆ ಓದಿದಳು. ಅದನ್ನು ಗಂಗಲಕ್ಷ್ಮಮ್ಮನ ಕಣ್ಣೆದುರು ಹಿಡಿದಳು. ಕೆಂಪಯ್ಯ ಎಂದಿತ್ತು.

ಗಂಗಲಕ್ಷ್ಮಮ್ಮ ಮಂಚದ ಕಂಬಿ ಹಿಡಿದುಕೊಂಡರು. "ಯಾರ್ನ ಎಲ್ಲಿ ಮಲಗ್ಸಿದ್ಯೋ ಸ್ವಾಮಿ?"

ಸ್ವಾಮಿಗೆ ಬೆವರು ಕಿತ್ತುಕೊಂಡಿತು. "ಕಿಟಕಿ ಪಕ್ಕದ್ದು ಎರಡನೇದು ಅಂದ್ಕೊಂಡೆ ಸಿಸ್ಟರ್. ಅದ್ಲುಬದ್ಲು ಆಗ್ಬುಟ್ಟೈತೆ."

ಡಾಕ್ಟರು ಓಡಿ ಬಂದು ಇಬ್ಬರ ರಕ್ತದ ಗುಂಪನ್ನೂ ಮತ್ತೆ ನೋಡಿದರು. ಆ ರಕ್ತ ಪಕ್ಕದ ಹಾಸಿಗೆಯ ಕೆಂಪಯ್ಯನಿಗೆ ಹೋಯಿತು. ಬೀರಲಿಂಗಯ್ಯನಿಗೆ ಸಲೈನ್ ಓಡಿಸಿ ಅವನ ಚೀಲಕ್ಕಾಗಿ ಕಾದರು. ಕಾಯುವುದು ನರಕವಾಗಿತ್ತು. ನಡುವೆ ಎರಡು ಸಲ ಅವನ ರೆಪ್ಪೆ ಅಲುಗಿತು.

ಚೀಲ ಬಂದಾಗ ಗಂಗಲಕ್ಷ್ಮಮ್ಮ ಬೇಗ ಎನ್ನಲಿಲ್ಲ. "ಕೇಳು" ಎಂದರು.

ಸೋಮಿ ಕೇಳಿದಳು. ಭದ್ರಮ್ಮನಿಗೆ ನಂಬಲಾಗಲಿಲ್ಲ. "ಆಗ್ಲೇ ಹೇಳಿದ್ನಲ್ಲವ್ವ. ಈಗ ನಿಂಗೇ ಗೊತ್ತೈತಲ್ಲ."

"ಗೊತ್ತಿದ್ರೂ ಕೇಳ್ಬೇಕು ಅಮ್ಮ. ಪ್ರತಿ ಸಲ."

"ನನ್ ಕೈಲಿ ಅವರ ಆಯಸ್ಸು ಇನ್ನೆಷ್ಟು ಕಿತ್ತಾಕಿಸ್ತೀಯೇ ತಾಯಿ?"

ಸೋಮಿಗೆ ಅಳು ಒತ್ತರಿಸಿ ಬಂತು. ಆದರೂ ಅವಳು ಚೀಲ ಹಿಡಿದು ಅಲ್ಲೇ ನಿಂತಳು. ಭದ್ರಮ್ಮ ಕಣ್ಣೊರೆಸಿಕೊಂಡು ಮತ್ತೆ ಗೋಡೆಯ ಕಡೆ ತಿರುಗಿದಳು.

"ಅವಳ್ನ ಕೇಳ್ಬ್ಯಾಡಿ." ಹಾಸಿಗೆಯಿಂದ ಒಣಗಿದ ದನಿ ಬಂತು. ಕಣ್ಣು ಇನ್ನೂ ಮುಚ್ಚಿಯೇ ಇತ್ತು. "ಬೀರಲಿಂಗಯ್ಯ. ನಾನೇ ಹೇಳ್ತಾ ಇವ್ನಿ."