ಹಿಡಿಸುವಂಥ ಮಾತು

ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ನಿಂತು ಅತ್ತೆಯ ಕಾಲು ಕೊರಡಾಗುತ್ತಿತ್ತು. ಕಂಡವರ ಮೂಗಿನ ಮೇಲೆ ಚೌಕಟ್ಟು ಕೂರಿಸಬೇಕು, ಕಿವಿಯ ಹಿಂದೆ ಬಗ್ಗಿಸಿ ಸರಿಮಾಡಬೇಕು, "ಈಗ ಕಾಣುತ್ತಾ? ಈಗ?" ಎಂದು ಕೇಳಬೇಕು. ಇಷ್ಟೆಲ್ಲ ಆದಮೇಲೆ ಮನೆಗೆ ಹೋಗಿ ಕಾಲು ಚಾಚಬೇಕಾದ ಹೆಂಗಸು ಸೊಂಟ ಹಿಡಿದುಕೊಂಡು ಸೈಕಲ್ ರಿಪೇರಿ ಅಂಗಡಿಯ ಮಹಡಿ ಹತ್ತುತ್ತಿದ್ದಳು. ಅಲ್ಲಿತ್ತು ಮಕ್ಕಳ ಸಂಘ. ಶಾಲೆ ಮುಗಿಸಿ ದಿಕ್ಕು ಕಾಣದವರು, ಕಾಲೇಜಿಗೆ ಹೋಗುತ್ತಾ ಮನೆಯಲ್ಲಿ ಓದಲು ಜಾಗವಿಲ್ಲದವರು, ಸುಮ್ಮನೆ ಹರಟೆಗೆ ಬರುವವರು, ಎಲ್ಲರೂ ಅಲ್ಲಿಗೇ. ಮೊದಲು ಬಂದವನು ಅವಳ ಅಣ್ಣನ ಮಗ. ಅವನು ಅತ್ತೆ ಅಂದ, ಅವನ ಹಿಂದೆ ಬಂದವರೂ ಅತ್ತೆ ಅಂದರು. ಈಗ ಅವನಿಗೇ ಮೀಸೆ ನರೆಯುತ್ತಿದೆ, ಇವಳು ಇಡೀ ಬೀದಿಗೆ ಅತ್ತೆಯಾಗಿಯೇ ಉಳಿದಳು.

"ಈ ವರ್ಷಕ್ಕೆ ಸಾಕು ಮಾಡ್ತೀನಿ," ಎಂದು ಅವಳು ಗಂಡನಿಗೆ ಹೇಳುತ್ತಿದ್ದಳು.

ಗಂಡ ಬೇಕರಿಯಲ್ಲಿ ಒಲೆಯ ಮುಂದೆ ಬೆಂದು ಬರುವವನು. ಅರ್ಧ ಕಣ್ಣು ಮುಚ್ಚಿಕೊಂಡೇ, "ಹೋದ ವರ್ಷದ ಸಾಕು ಇನ್ನೂ ಮುಗಿದಿಲ್ಲ ಮಾರಾಯ್ತಿ," ಎನ್ನುತ್ತಿದ್ದ.

ಆ ಮಹಡಿಯ ಬಾಡಿಗೆ, ಕುರ್ಚಿ, ಪುಸ್ತಕದ ಕಪಾಟು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದುದು ಒಂದು ದೊಡ್ಡ ಸೇವಾಸಂಸ್ಥೆ. ಒಂದು ದಿನ ಅಲ್ಲಿಯ ಅಧಿಕಾರಿಯ ಫೋನ್ ಬಂತು. ಜೇನು ಸವರಿದಂಥ ದನಿಯ ಹುಡುಗ, ಅವಳಿಗೆ ಮಗನಾಗುವಷ್ಟು ವಯಸ್ಸಿರಬೇಕು. ದಾನಿಗಳು ಸಂಘ ನೋಡಲು ಬರುತ್ತಾರೆ, ಒಂದು ಮಗು ಎದ್ದು ನಿಂತು ನಾಲ್ಕು ಮಾತಾಡಲಿ, ಅದನ್ನು ಚಿತ್ರೀಕರಿಸುತ್ತೇವೆ ಎಂದ. "ಸಂಘದಿಂದ ಬದುಕು ಹೇಗೆ ಬದಲಾಯ್ತು ಅಂತ ಹೇಳಲಿ, ಮೇಡಂ. ಕೇಳಿದವರ ಮನಸ್ಸು ಕಲಕಬೇಕು ನೋಡಿ."

ಮಾತಿಗೆ ಯಾರು ಎಂದು ಹುಡುಕುವ ಕಷ್ಟವೇ ಇರಲಿಲ್ಲ. ಬಸ್ ಚಾಲಕನ ಮಗಳನ್ನು ಎಲ್ಲರೂ ವಟವಟ ಎಂದೇ ಕರೆಯುತ್ತಿದ್ದರು. ಆ ಹುಡುಗಿ ಬಾಯಿ ತೆರೆದರೆ ಮುಚ್ಚಿಸಲು ಇಬ್ಬರು ಬೇಕು. ಚರ್ಚಾಸ್ಪರ್ಧೆಗೆ ಹೋದರೆ ಎದುರಾಳಿಗಳು ತಮ್ಮ ವಾದ ಮರೆತು ಅವಳ ಮಾತಿಗೆ ತಲೆದೂಗುತ್ತಿದ್ದರು.

ದಾನಿಗಳು ಬರುವ ದಿನ ಅತ್ತೆ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಕಸ ಗುಡಿಸುತ್ತಿದ್ದಳು. ಹುಡುಗಿ ಹಿಂದೆಯೇ ಸುತ್ತುತ್ತಿದ್ದಳು.

"ಏನು ಹೇಳಲಿ ಅತ್ತೆ? ನನ್ನ ಬದುಕಲ್ಲಿ ಬದಲಾಗೋಕೆ ಏನಿತ್ತು? ಅಪ್ಪ ಬಸ್ ಓಡಿಸ್ತಾನೆ, ಅಮ್ಮ ಬೈತಾಳೆ, ನಾನು ಇಲ್ಲಿಗೆ ಬರ್ತೀನಿ."

"ಏನಾದ್ರೂ ಹೇಳು ತಾಯಿ. ಅವರಿಗೆ ಹಿಡಿಸೋ ಅಂಥದ್ದು. ಆ ಕುರ್ಚಿ ಈ ಕಡೆ ಎಳಿ."

ಸಂಜೆ ಬಂದವರು ಮುಂದಿನ ಸಾಲಿನಲ್ಲಿ ಕೂತರು. ಕ್ಯಾಮೆರಾದ ದೀಪ ಹೊತ್ತಿತು. ವಟವಟ ಎದ್ದು ನಿಂತಳು. ಮೊದಲು ಸಂಘದ ಬಗ್ಗೆ ಎರಡು ಮಾತು ಹೇಳಿದಳು. ಮುಂದಿನ ಸಾಲಿನ ಮುಖಗಳು ಅಲ್ಲಾಡಲಿಲ್ಲ. ಆಗ ಅವಳ ದನಿ ತಗ್ಗಿತು. "ನಮ್ಮಪ್ಪ ಕುಡೀತಾನೆ," ಎಂದಳು. ಕುಡಿದು ಬಂದು ಪುಸ್ತಕ ಬೀದಿಗೆಸೆಯುತ್ತಾನೆ, ಅಮ್ಮನ ಮೇಲೆ ಕೈ ಮಾಡುತ್ತಾನೆ, ಈ ಮಹಡಿ ಇಲ್ಲದಿದ್ದರೆ ತಾನು ಇಷ್ಟೊತ್ತಿಗೆ ಯಾವ ಹಾದಿ ಹಿಡಿದಿರುತ್ತಿದ್ದೆನೋ ಎಂದಳು. ಮುಂದಿನ ಸಾಲಿನ ಹೆಂಗಸೊಬ್ಬಳು ಕರ್ಚೀಫು ತೆಗೆದಳು. ಅಧಿಕಾರಿ ಕ್ಯಾಮೆರಾದವನಿಗೆ ಹತ್ತಿರ ಹೋಗುವಂತೆ ಸನ್ನೆ ಮಾಡಿದ.

ಹುಡುಗಿಯ ಅಪ್ಪನನ್ನು ಅತ್ತೆ ಬಲ್ಲಳು. ಚಳಿಗೆ ಬಿಸಿನೀರು ಬಿಟ್ಟರೆ ಬೇರೇನೂ ಕುಡಿಯದವನು. ಪಾಳಿ ಮುಗಿಸಿ ಬಂದು ಮಗಳಿಗಾಗಿ ಮೆಟ್ಟಿಲ ಕೆಳಗೆ ಕಾಯುತ್ತಾ ಸೈಕಲ್ ಅಂಗಡಿಯವನ ಜೊತೆ ಹರಟುವವನು. ಎದ್ದು ನಿಲ್ಲಿಸಬೇಕು ಅನಿಸಿತು. ಆದರೆ ಕಾಲು ಸೋತಿತ್ತು, ಎದುರಿಗೆ ಅಷ್ಟು ಜನ, ಇನ್ನೇನು ಮುಗಿಯಿತಲ್ಲ ಎಂದು ಕೂತೇ ಇದ್ದಳು. ಚಪ್ಪಾಳೆಯೂ ಬಿತ್ತು.

ಎಲ್ಲ ಹೋದಮೇಲೆ ಹುಡುಗಿಯ ರಟ್ಟೆ ಹಿಡಿದು ಕೇಳಿದಳು, "ಏನೇ ಇದು? ದೇವರಂಥ ಅಪ್ಪನ್ನ!"

ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟಳು. "ಹಿಡಿಸೋ ಅಂಥದ್ದು ಹೇಳು ಅಂದ್ರಲ್ಲ. ಅವರೇನು ನಮ್ಮ ಮನೆಗೆ ಬರ್ತಾರಾ? ಅಲ್ಲಿಗೆ ಮುಗೀತು."

ಅಲ್ಲಿಗೆ ಮುಗಿಯಲಿಲ್ಲ. ಸಂಸ್ಥೆಯವರು ಆ ಚಿತ್ರವನ್ನು ಎಲ್ಲೆಡೆ ಹಂಚಿದರು. ಅದು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಾ ಒಂದು ದಿನ ಬಸ್ ಡಿಪೋದ ಕಟ್ಟೆಗೂ ಬಂತು.

ಚಾಲಕ ಕನ್ನಡಕದ ಅಂಗಡಿಗೆ ಬಂದಾಗ ಗಿರಾಕಿಗಳಿರಲಿಲ್ಲ. ಸಮವಸ್ತ್ರದಲ್ಲೇ ಇದ್ದ. ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡ. ರೇಗುತ್ತಾನೆ ಎಂದು ಅತ್ತೆ ಗಟ್ಟಿಯಾಗಿ ನಿಂತಳು. ಅವನು ರೇಗಲಿಲ್ಲ.

"ಕುಡಿದಿದೀನಾ ಅಂತ ಈಗ ಬಸ್ ಹತ್ತೋಕೆ ಮುಂಚೆ ದಿನಾ ಊದಿಸ್ತಾರಮ್ಮ," ಎಂದ. "ಬಾಯಿಗೆ ಕೊಳವೆ ಇಡ್ತಾರೆ. ಎಲ್ಲರ ಎದುರಿಗೇ. ಇಷ್ಟು ವರ್ಷದಲ್ಲಿ ಒಂದು ನಾಯಿಮರಿಗೂ ಬಸ್ ತಾಗಿಸಿದೋನಲ್ಲ ನಾನು."

"ಮಗಳಿಗೆ ಏನಂದಿರಿ?"

"ಏನಂತ ಅನ್ನಲಿ? ಮುಖ ಕೊಟ್ಟು ಮಾತಾಡ್ತಿಲ್ಲ ಅವಳು. ಸುಳ್ಳು ಹೇಳಿದೋಳು ಅವಳು, ಮನೇಲಿ ಕಳ್ಳನ ಥರ ಓಡಾಡ್ತಿರೋನು ನಾನು." ಅವನು ಟೋಪಿಯನ್ನು ಒಮ್ಮೆ ತಿರುಗಿಸಿದ. "ಒಂದೇ ಕೇಳ್ತೀನಿ. ನಿಮಗೆ ನಾನು ಗೊತ್ತಿದ್ದೆನಲ್ಲ. ನೀವೂ ಅಲ್ಲೇ ಇದ್ರಲ್ಲ."

ಅವನು ಉತ್ತರಕ್ಕೆ ಕಾಯಲಿಲ್ಲ. ಪಾಳಿಗೆ ಹೊತ್ತಾಯಿತೆಂದು ಎದ್ದು ಹೋದ.

ಅವಳು ಅಲ್ಲೇ ನಿಂತು ಅಧಿಕಾರಿಗೆ ಫೋನ್ ಮಾಡಿದಳು. ಹುಡುಗಿ ಹೇಳಿದ್ದು ನಿಜವಲ್ಲ, ತೆಗೆದುಬಿಡಿ ಎಂದಳು.

"ಅಯ್ಯೋ ಮೇಡಂ, ಎಷ್ಟು ಜನ ಅತ್ತಿದಾರೆ ಗೊತ್ತಾ ಅದನ್ನ ನೋಡಿ? ಅವಳ ಮನೇಲಿ ಇಲ್ಲದಿದ್ರೆ ಇನ್ನೊಂದು ಮನೇಲಿ ಇರುತ್ತೆ. ಒಟ್ಟು ಸಾರಾಂಶ ನಿಜ ತಾನೇ?"

"ಆ ಇನ್ನೊಂದು ಮನೆಯವನನ್ನ ಊದಿಸ್ತಿಲ್ಲಪ್ಪ. ಇವನನ್ನ ಊದಿಸ್ತಿದಾರೆ."

ಜೇನು ಸ್ವಲ್ಪ ಆರಿತು. ದಾನಿಗಳಿಗೆ ಮುಜುಗರವಾದರೆ ಮಹಡಿಯನ್ನು ಇಟ್ಟುಕೊಳ್ಳುವುದು ಕಷ್ಟವಾಗಬಹುದು, ಯೋಚನೆ ಮಾಡಿ ಎಂದ. ಅತ್ತೆಗೆ ಯೋಚನೆ ಮಾಡುವಷ್ಟೂ ತ್ರಾಣವಿರಲಿಲ್ಲ. ಮಹಡಿ ಹೋದರೆ ಹೋಗಲಿ, ತೆಗೆದುಬಿಡಿ ಎಂದು ಫೋನ್ ಇಟ್ಟಳು.

ಮರುದಿನ ವಟವಟಳನ್ನು ಕರೆದುಕೊಂಡು ಡಿಪೋಗೆ ಹೋದಳು. ದಾರಿಯುದ್ದಕ್ಕೂ ಹುಡುಗಿ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ಎಣ್ಣೆ ಕಲೆಯ ಅಂಗಳದಲ್ಲಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಪಾಳಿ ಬದಲಾಗುವ ಹೊತ್ತು, ಚಾಲಕರು, ನಿರ್ವಾಹಕರು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಡಿಪೋ ಅಧಿಕಾರಿಯೂ ಅಲ್ಲೇ ಇದ್ದ. ಹುಡುಗಿಯ ಅಪ್ಪ ದೂರದಲ್ಲಿ ಗಾಜು ಒರೆಸುತ್ತಿದ್ದವನು ಇವರನ್ನು ಕಂಡು ಬಟ್ಟೆ ಹಿಡಿದೇ ನಿಂತುಬಿಟ್ಟ.

"ಈ ಮಗು ನಿಮಗೊಂದು ಮಾತು ಹೇಳಬೇಕಂತೆ," ಎಂದಳು ಅತ್ತೆ.

ಎಲ್ಲರೂ ತಿರುಗಿ ನೋಡಿದರು. ವಟವಟ ಬಾಯಿ ತೆರೆದಳು. "ನಮ್ಮಪ್ಪ..." ಎಂದಳು, ಅಷ್ಟೇ. ಕಂಡವರೆದುರು ಸುಳ್ಳನ್ನು ನೀರು ಕುಡಿದಂತೆ ಹೇಳಿದವಳಿಗೆ ಅಪ್ಪನ ಎದುರು ನಿಜದ ಮೂರು ಮಾತು ಹೊರಡಲಿಲ್ಲ.

ಅತ್ತೆ ಕಾದಳು. ಆಮೇಲೆ ತಾನೇ ಮುಂದೆ ಬಂದಳು.

"ಅದು ಕಟ್ಟಿದ ಕತೆ. ಇವಳಪ್ಪ ಕುಡಿಯೋರಲ್ಲ. ಬಂದವರಿಗೆ ಹಿಡಿಸೋ ಹಾಗೆ ಹೇಳು ಅಂತ ಅಂದಿದ್ದು ನಾನು. ಹೇಳ್ತಿರುವಾಗ ಸುಮ್ಮನೆ ಕೂತಿದ್ದೂ ನಾನೇ. ಊದಿಸೋದಾದ್ರೆ ನನ್ನನ್ನ ಊದಿಸಿ."

ಯಾರೋ ನಕ್ಕರು. ಮಿಕ್ಕವರು ನಗಲಿಲ್ಲ. ಡಿಪೋ ಅಧಿಕಾರಿ ಲೋಟ ಕೆಳಗಿಟ್ಟು, "ಮೊದಲೇ ಬಂದು ಹೇಳಬಾರದಿತ್ತೇನಮ್ಮ," ಎಂದು ಗೊಣಗಿದ. ಚಾಲಕ ಬಂದು ಮಗಳ ಭುಜದ ಮೇಲೆ ಕೈಯಿಟ್ಟ. "ಸಾಕು ಬಿಡಿ," ಎಂದ ಅತ್ತೆಗೆ, ಮುಖ ನೋಡದೆ. ಕ್ಷಮಿಸಿದನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಊದಿಸುವುದು ನಿಂತಿತು. ಚಿತ್ರವನ್ನು ಸಂಸ್ಥೆಯವರು ತೆಗೆದರು, ಆದರೆ ಅದಾಗಲೇ ಯಾರ್ಯಾರ ಮೊಬೈಲಿನಲ್ಲೋ ಉಳಿದಿತ್ತು. ತಿಂಗಳು ಕಳೆಯುವಷ್ಟರಲ್ಲಿ ಸಂಸ್ಥೆಯ ಟೆಂಪೋ ಬಂದು ಕುರ್ಚಿ, ಕಪಾಟು, ಪುಸ್ತಕ ಎಲ್ಲ ಹೇರಿಕೊಂಡು ಹೋಯಿತು. ಮಹಡಿ ಖಾಲಿಯಾಯಿತು. ಅತ್ತೆಗೆ ದುಃಖವಾಗಬೇಕಿತ್ತು. ಭಾರ ಇಳಿದಂತಾಯಿತು, ಅದಕ್ಕೆ ನಾಚಿಕೆಯೂ ಆಯಿತು. ಮನೆಗೆ ಹೋಗಿ ಸಂಜೆಯೇ ಮಲಗಿದಳು.

ಒಂದು ದಿನ ಅವಳು ಹತ್ತಿದ ಬಸ್ಸಿನಲ್ಲಿ ಚಾಲಕ ವಟವಟಳ ಅಪ್ಪನೇ. ಕೆಂಪು ದೀಪದ ಬಳಿ ಬಸ್ಸು ನಿಂತಾಗ ಕನ್ನಡಿಯಲ್ಲಿ ನೋಡುತ್ತಾ ಹೇಳಿದ: "ಮಗಳು ಮಾತಾಡ್ತಾಳೆ ಈಗ. ಆದರೆ ಅಳೆದು ತೂಗಿ. ಮುಂಚೆ ತಲೆ ತಿನ್ನೋಳು. ಈಗ ಊಟಕ್ಕೆ ಕೂತರೆ ನಾನೇ ಏನಾದರೂ ಕೇಳಬೇಕು."

"ಬೇಜಾರಾ?"

"ಮನೆ ಭಣಗುಡುತ್ತಮ್ಮ," ಎಂದು ಗೇರು ಹಾಕಿದ.

ಆ ವಾರವೇ ಅಂಗಡಿಯಿಂದ ಬಂದಾಗ ಹುಡುಗರು, ಹುಡುಗಿಯರು ಅವಳ ಮನೆಯ ಬಾಗಿಲಲ್ಲಿ ಕೂತಿದ್ದರು. ಚಪ್ಪಲಿಗಳ ರಾಶಿ ದಾಟಲು ಅವಳು ಗೋಡೆ ಹಿಡಿಯಬೇಕಾಯಿತು. ಅವಳ ಗಂಡ ಹೊಸಿಲ ಬಳಿ ಏನೂ ಗೊತ್ತಿಲ್ಲದವನಂತೆ ನಿಂತಿದ್ದ.

"ನನ್ನ ಕೈಲಾಗಲ್ಲ ಕಣ್ರೋ. ನಿಜವಾಗ್ಲೂ ಆಗಲ್ಲ," ಎಂದಳು ಅತ್ತೆ.

"ನೀವು ಮಲಗಿ ಅತ್ತೆ. ನಾವು ಇಲ್ಲೇ ಓದ್ಕೋತೀವಿ. ಸದ್ದೇ ಮಾಡಲ್ಲ."

ಅವಳು ಒಳಗೆ ಹೋಗಿ ಮಲಗಿದಳು. ಸದ್ದು ಮಾಡಿಯೇ ಮಾಡಿದರು. ಕುರ್ಚಿ ಎಳೆದರು, ಜಗಳವಾಡಿದರು, ಶ್ ಶ್ ಎಂದು ಮತ್ತಷ್ಟು ಗಲಾಟೆ ಎಬ್ಬಿಸಿದರು. ನಡುವೆ ವಟವಟಳ ದನಿ ಕೇಳಿತು. ಯಾವುದೋ ಚಿಕ್ಕವಳಿಗೆ ಪಾಠ ಓದಿಸುತ್ತಿದ್ದಳು, ನಿಧಾನವಾಗಿ, ಒಂದೊಂದೇ ಸಾಲು. ಎದ್ದು ಹೋಗಿ ಅವಳನ್ನು ಮಾತಾಡಿಸಬೇಕು ಎಂದುಕೊಂಡಳು ಅತ್ತೆ. ಕಾಲು ಏಳಲಿಲ್ಲ. ಗೋಡೆಯ ಕಡೆ ಮಗ್ಗುಲಾಗಿ, ಕೇಳುತ್ತಾ ಹಾಗೇ ಮಲಗಿದ್ದಳು.