ಅವರು ದೋಣಿಯಿಂದ ಇಳಿದವರಲ್ಲ

ರೈಲಿನ ಕಪ್ಪು ಗಾಜಿನಲ್ಲಿ ನನ್ನದೇ ಮುಖ, ಅದರ ಮೇಲೆ ಸುರಂಗದ ತಂತಿಗಳು ಓಡುತ್ತಿವೆ, ಹ್ಯಾಂಪ್‌ಸ್ಟೆಡ್ ನಿಲ್ದಾಣ ಹೋಯಿತು, ಇನ್ನೇನು ಬಂತು ಆ ಕೋಣೆ, ಇಬ್ಬರು ಪರೀಕ್ಷಕರು, ಎದುರಿಗೆ ನಾನು, ಧಾರವಾಡದ ಚಂದ್ರಿಕಾ, ಐವತ್ತು ದಾಟಿದ ಮೇಲೆ ಪಿಎಚ್‌ಡಿಯ ಮೌಖಿಕ ಪರೀಕ್ಷೆಗೆ ಹೊರಟವಳು — ಬೆಳಗ್ಗೆ ಆಸ್ಪತ್ರೆಯ ಕೆಲಸಕ್ಕೆ ಹೊರಟ ಇವರು ಶೂ ಕಟ್ಟುತ್ತಾ, ನಿನ್ನ ಗೈಡ್ ಹೇಳಿದ್ಹಂಗ ಆ ಅಧ್ಯಾಯ ತಗದುಬಿಡು, ನಿನಗ್ಯಾಕ ಬೇಕು ಸಾವಿರದೈನೂರು ವರ್ಷದ ಹಿಂದಿನ ಜಗಳ — ತೆಗೆಯುವುದಿಲ್ಲ, ತೆಗೆದರೆ ಉಳಿಯುವುದು ಬರೀ ಆ ಹಳೇ ಕಥೆ, ಐರ್ಲೆಂಡಿನ ಫರ್ಗಸ್ ದೋಣಿ ಹತ್ತಿ ಸ್ಕಾಟ್ಲೆಂಡಿನ ಪಡುವಣ ದಡಕ್ಕೆ ಬಂದ, ಡಾಲ್ ರಿಯಾಟ ರಾಜ್ಯ ಕಟ್ಟಿದ, ಗೇಲಿಕ್ ಮಾತೂ ಅವನೊಂದಿಗೇ ಇಳಿಯಿತು — ಚೆಂದದ ಕಥೆ, ಆದರೆ ಬಂದವರ ಗುರುತೆಲ್ಲಿ, ಅಗೆದಷ್ಟೂ ಅದೇ ಮನೆ, ಅದೇ ಕೋಟೆ, ಹೊಸಬರು ಬಂದ ಸುಳಿವೇ ಇಲ್ಲ, ನಡುವಿನ ಸಮುದ್ರವೋ ಕಿರಿದು, ಆ ದಡ ಈ ದಡಕ್ಕೆ ಕಾಣುತ್ತದೆ, ಎರಡೂ ಕಡೆ ಒಂದೇ ಮಾತಿನ ಜನ ಮೊದಲಿನಿಂದಲೇ ಇದ್ದರು ಅಂತ ನಾನು ಬರೆದೆ, ಮಾರ್ಗದರ್ಶಿ ಕನ್ನಡಕ ತೆಗೆದಿಟ್ಟು, ವಲಸೆ ಬಂದ ನೀವೇ ಹೀಗಂದರೆ ಹೇಗೆ, ಹೊರಗಿನ ಪರೀಕ್ಷಕರು ಫರ್ಗಸ್‌ನ ಮೇಲೆಯೇ ಆಯುಷ್ಯ ಸವೆಸಿದವರು, ಯೋಚಿಸಿ ಅಂದರು, ಯೋಚಿಸಿದೆ, ಯೋಚಿಸಿದಾಗಲೆಲ್ಲ ನೆನಪಾಗುವವಳು ಆಯಿ ಬಸಲಿಂಗವ್ವ, ರೊಟ್ಟಿ ಬಡಿಯುತ್ತಾ, ನಾವು ಕಲ್ಯಾಣದಿಂದ ಬಂದವ್ರವ್ವಾ, ಪಕ್ಕದ ಮನೆಯವರೂ ಕಲ್ಯಾಣ, ಎದುರಿನವರೂ ಕಲ್ಯಾಣ, ಹಂಗಾರ ಮೊದಲ ಇಲ್ಲಿ ಹೊಲಾ ಯಾರು ಊಳ್ತಿದ್ರು ಆಯಿ, ಆಯಿ ನಕ್ಕು, ದೊಡ್ಡ ಊರಿಂದ ಬಂದೀವಿ ಅಂದ್ರ ಬೀಗರು ಲಗೂನ ಒಪ್ತಾರ, ಸುಮ್ಮನಿರು — ಅಷ್ಟೇ, ಡಾಲ್ ರಿಯಾಟದ ರಾಜರೂ ಅಷ್ಟೇ, ಸಣ್ಣಸಣ್ಣ ಮನೆತನಗಳು ದೋಣಿಗೆ ಹುಟ್ಟು ಹಾಕಿ ಹಾಕಿ ದ್ವೀಪದಿಂದ ದ್ವೀಪಕ್ಕೆ ಬೆಳೆದು, ಅಯೋನಾ ದ್ವೀಪದ ಮಠಕ್ಕೆ ನೆಲೆ ಕೊಟ್ಟು, ಮೂಡಣಕ್ಕೆ ದಂಡೆತ್ತಿ, ದೊಡ್ಡವರಾದ ಮೇಲೆ ಒಬ್ಬ ಮೂಲಪುರುಷ ಬೇಕಾದ, ದೂರದಿಂದ ಬಂದವನು —

ಈಗ ಕೋಣೆ, ಚಹಾದ ವಾಸನೆ, ಬ್ಯಾಗಿನಲ್ಲಿ ಅನ್ವಿತಾಳ ಮೆಸೇಜು, ಅಮ್ಮಾ ಡೋಂಟ್ ಬ್ಯಾಕ್ ಡೌನ್, ಇಲ್ಲ ಮಗಳೇ, ಬಿಳಿಗೂದಲಿನ ಪರೀಕ್ಷಕರು ಐದನೇ ಅಧ್ಯಾಯದ ಮೇಲೆ ಬೆರಳಿಟ್ಟು, ಇದನ್ನು ಹಿಂತೆಗೆದುಕೊಳ್ಳುತ್ತೀರಾ, ಇಲ್ಲ ಸರ್, ನಾನು ಬಂದವಳು, ಹಾಗಂತ ಎಲ್ಲರನ್ನೂ ದೋಣಿ ಹತ್ತಿಸಲಾರೆ, ಪುರಾವೆ ತೋರಿಸಿ, ನಾನೇ ಹರಿದು ಹಾಕುತ್ತೇನೆ — ಅವರು ಪುಟ ತಿರುವುತ್ತಾರೆ, ಮತ್ತೆ ಹಿಂದಕ್ಕೆ ತಿರುವುತ್ತಾರೆ, ನಾನು ಒಪ್ಪುವುದಿಲ್ಲ ಮಿಸೆಸ್ ಪಾಟೀಲ್, ಒಂದು ಅಕ್ಷರವನ್ನೂ ಒಪ್ಪುವುದಿಲ್ಲ, ಆದರೆ ಕೆಡವಲೂ ಆಗುತ್ತಿಲ್ಲ, ಅಧ್ಯಾಯ ಇರಲಿ — ಇರಲಿ ಅಂದರೇ, ಹೌದು ಅಂದರು, ಕೈ ಚಾಚಿದ್ದಾರೆ, ಡಾಕ್ಟರ್ ಅನ್ನುತ್ತಿದ್ದಾರೆ, ನನಗೆ ಕಾಣುತ್ತಿರುವುದು ಮಾತ್ರ ಡಾಲ್ ರಿಯಾಟದ ಅರಸರ ಡನಾಡ್ ಗುಡ್ಡ, ಹೋದ ಬೇಸಿಗೆ, ನೆತ್ತಿಯ ಬಂಡೆಯಲ್ಲಿ ಕೊರೆದ ಪಾದ, ಅರಸನಾಗುವವನು ಇಲ್ಲೇ ಕಾಲಿಡುತ್ತಿದ್ದನಂತೆ, ಚಪ್ಪಲಿ ಬಿಚ್ಚಿ ನಾನೂ ಇಟ್ಟಿದ್ದೆ, ತಣ್ಣಗೆ, ಹಿಮ್ಮಡಿಯ ಹತ್ತಿರ ಮಳೆನೀರು, ಇಲ್ಲಿಯದೇ ಕಲ್ಲಿನ ಪಾದ, ಒಂದೇ ಪಾದ, ನೀರು ನಿಂತ ಪಾದ —