ನಾಲ್ಕು ಸಂಬಳದ ಬನ್ನು

ಬಂಗಾರಪೇಟೆಯ ವೆಂಕಟೇಶಪ್ಪನವರ ಬೇಕರಿಗೆ ಕಂಪ್ಯೂಟರ್ ಬಂದದ್ದು ತೊಂಬತ್ಮೂರರ ದಸರಾಕ್ಕೆ. ಮೈದಾ ಧೂಳು ಕೂರದಿರಲೆಂದು ಅದಕ್ಕೆ ಹಳೆ ರೇಷ್ಮೆ ಸೀರೆಯ ತುಂಡು ಹೊದಿಸಿದವರು ಅವರ ಹೆಂಡತಿ ಅನಸೂಯಮ್ಮ. ಅದನ್ನು ನಡೆಸಲು ಬಂದವಳು ರತ್ನ. ಪರದೆಯ ಮೇಲೆ ಚೌಕಾಬಾರದ ಹಾಗೆ ಸಾಲುಸಾಲು ಮನೆಗಳು. ಹಿಂದಿನ ವ್ಯಾಪಾರ ನೋಡಿ, ಚಿನ್ನದ ಗಣಿಯ ಉರಿಗಾಂ, ಚಾಂಪಿಯನ್ ರೀಫ್ಸ್ ಕಡೆಯ ಟೀ ಅಂಗಡಿಗಳಿಗೆ ನಾಳೆ ಎಷ್ಟು ಟ್ರೇ ಬನ್ನು ಬೇಕೆಂದು ಅಂದಾಜು ಮಾಡಿ ಆ ಮನೆಗಳಲ್ಲಿ ತುಂಬುವುದು ಅವಳ ಕೆಲಸ.

ತುಂಬಿದ ಅಂಕಿ ಸಂಜೆಯವರೆಗೆ ಉಳಿದರೆ ತಾನೇ. "ಐದು ಟ್ರೇ ಜಾಸ್ತಿ ಆಕು ಅಮ್ಮಣ್ಣಿ" ಎಂದು ಯಜಮಾನರು. ಕಾಫಿ ತಂದಾಗ ಅನಸೂಯಮ್ಮನದೂ ಅದೇ ಮಾತು. ಒಲೆ ಮುಂದಿನಿಂದ ಬೆವರೊರೆಸಿಕೊಳ್ಳುತ್ತಾ ಬರುವ, ಬನ್ನು ಸುಡುವ ಆರುಮುಗಂನದೂ ಅದೇ. ದೊಡ್ಡವರನ್ನು ಯಾಕೆಂದು ಕೇಳುವುದುಂಟೇ? ರತ್ನ ಹಳೆಯದನ್ನು ಅಳಿಸಿ ಹೊಸದನ್ನು ಒತ್ತುತ್ತಿದ್ದಳು. ಅಳಿಸಿದ್ದು ಎಲ್ಲಿಗೆ ಹೋಯಿತೋ ಮಿಷನ್ನಿಗೂ ಗೊತ್ತಿಲ್ಲ, ಅವಳಿಗೂ ನೆನಪಿಲ್ಲ.

ಗಣಿಯವರ ಸಂಬಳದ ದಿನ ಬಂದರೆ ಮಾತ್ರ ವ್ಯಾನು ತುಂಬಾ ಬನ್ನು ವಾಪಸ್. ಎರಡನೇ ಸಲವೂ ಹಾಗಾದಾಗ, ಬೀದಿ ದನಗಳು ಬನ್ನು ಮೆಲ್ಲುವುದನ್ನು ನೋಡುತ್ತಾ ವೆಂಕಟೇಶಪ್ಪನವರು ಮೆಲ್ಲಗೆ ಹೇಳಿದರು. "ಮುಂದಿನ ಸಂಬ್ಳಕ್ಕೂ ಇಂಗೇ ಆದ್ರೆ ಈ ಪೆಟ್ಟಿಗೇನ ತಂದ ಅಂಗ್ಡಿಗೇ ಕೊಟ್ಬಿಡ್ತೀನಿ. ಆಮೇಲೆ ನಿಂಗೇನು ಕೆಲ್ಸ ಕೊಡ್ಲಿ, ನೀನೇ ಏಳು." ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಆ ಪರದೆ ಬೆಳಗಿದಾಗಲೆಲ್ಲ ರತ್ನಳಿಗೆ ಅಜ್ಜಿಯ ಕಥೆಯ ಕೊಳ ನೆನಪಾಗುತ್ತಿತ್ತು, ತಳದಲ್ಲಿ ದೀಪ ಉರಿಯುವ ಕೊಳ.

ಮನೆಯಲ್ಲಿ ಅಜ್ಜಿ ಮುತ್ಯಾಲಮ್ಮ ನೆನೆಸಿದ ಅವರೆಕಾಳು ಹಿಸುಕುತ್ತಾ ಕಥೆ ಹೇಳುತ್ತಿದ್ದಳು. ಆರು ಜನ ರಾಜಕುಮಾರರು ಹೊರಟರಂತೆ.

"ನಿನ್ನೆ ಏಳು ಜನ ಅಂದಿದ್ದೆ?" ಜೊತೆಗೆ ಹಿಸುಕುತ್ತಿದ್ದ ರತ್ನ ಕೇಳಿದಳು.

"ಒಬ್ಬ ಕುದ್ರೆಗೆ ನೀರು ಕುಡ್ಸಕ್ಕೆ ಓಗವ್ನೆ ಕಣೆ. ಅವ್ರಣ್ಣ ಕಳ್ಸವ್ನೆ. ಇದ್ದೋನ್ನ ಸುಮ್ಕೆ ಮಾಯ ಮಾಡ್ಬಾರ್ದು. ಯಾರು ಕಳ್ಸಿದ್ರು, ಯಾಕ್ ಕಳ್ಸಿದ್ರು, ಏಳ್ಬೇಕು."

ರತ್ನಳ ಬೆರಳ ಸಂದಿಯಿಂದ ಅವರೆಬೇಳೆಯೊಂದು ಪುಟಕ್ಕನೆ ಹಾರಿ ಒಲೆಗೆ ಬಿತ್ತು.

ಮರುದಿನದಿಂದ ಅವಳು ಯಾವ ಅಂಕಿಯನ್ನೂ ಅಳಿಸಲಿಲ್ಲ. ಹೊಸದನ್ನು ಕೆಳಗಿನ ಸಾಲಿನಲ್ಲಿ ಬರೆದಳು. ಪಕ್ಕದ ಚೌಕದಲ್ಲಿ ಹೇಳಿದವರ ಹೆಸರು, ಅದರ ಪಕ್ಕದಲ್ಲಿ ಕಾರಣ. ಸಂಬಳದ ಹಿಂದಿನ ದಿನ ಯಜಮಾನರು ಬಂದು ಐದು ಟ್ರೇ ಜಾಸ್ತಿ ಎಂದರು.

"ಯಾಕೆ ಅಂತ ಬರೀಲಿ ಅಣ್ಣ?"

"ನನ್ ಬೇಕ್ರೀಲಿ ನಾನೇ ಕಾರಣ ಏಳ್ಬೇಕಾ?"

"ನಾನ್ ಕೇಳ್ತಿಲ್ಲಣ್ಣ, ಮಿಷನ್ ಕೇಳ್ತದೆ."

ಅವರು ಮಿಷನ್ ಕಡೆ ತಿರುಗಿ, ನೆಂಟರಿಗೆ ಹೇಳುವಂತೆ, "ನಾಳೆ ಮೈನ್ಸಿನೋರಿಗೆ ಸಂಬ್ಳ" ಎಂದರು. ಕಾಫಿ ಲೋಟ ಇಟ್ಟ ಅನಸೂಯಮ್ಮ, "ಇನ್ನೈದು ಟ್ರೇ ಆಕು. ನಾಳೆ ಸಂಬ್ಳ ಅಲ್ವಾ" ಎಂದರು. ಆರುಮುಗಂ ಬಾಗಿಲಿನಿಂದಲೇ ತನ್ನ ಅರೆತಮಿಳಿನಲ್ಲಿ ಕೂಗಿದ, "ಅಂಜು, ಅದೇ ಐದು ಟ್ರೇ ಸೇರ್ಸು ಕಣ್ಣು, ನಾಳೆ ಸಂಬಳಂ."

ರತ್ನ ಮೊದಲ ಸಾಲು ನೋಡಿದಳು. ಐದು ಟ್ರೇ ಜಾಸ್ತಿ ಹಾಕಿ ತಾನೇ ಬೆಳಿಗ್ಗೆ ಬರೆದ ಕಾರಣ: ಸಂಬಳ.

ಮೂವರನ್ನೂ ಕರೆದು ತೋರಿಸಿದಳು. ಮೂರು ತಲೆಗಳು ಪರದೆಗೆ ಬಾಗಿದವು. ನಾಲ್ಕು ಸಾಲು, ನಾಲ್ಕು ಸಲ ಐದು ಟ್ರೇ, ನಾಲ್ಕಕ್ಕೂ ಒಂದೇ ಕಾರಣ.

"ಮೊದಲಾಳಿ," ಎಂದು ಯಜಮಾನರತ್ತ ತಿರುಗಿದ ಆರುಮುಗಂ, "ತಿಂಗ್ಳಿಗೆ ನಾಲ್ಕು ಸಂಬ್ಳ ಕೊಡೋದಾದ್ರೆ ನಾನೂ ಗಣೀಗೇ ಇಳೀತಿದ್ದೆ."

ಅನಸೂಯಮ್ಮ ಸೆರಗು ಬಾಯಿಗಿಟ್ಟು ನಗತೊಡಗಿದರು. ವೆಂಕಟೇಶಪ್ಪನವರು ಕಿವಿ ತುರಿಸಿಕೊಂಡರು. "ಪೆಟ್ಟಿಗೇನ ಕೊಟ್ಬಿಡ್ತೀನಿ ಅಂತ ಸುಮ್ನೆ ಅಂದೆ. ಅಮ್ಮಣ್ಣಿ, ನೀನ್ ಆಕಿರೋ ಐದೇ ಇರ್ಲಿ."

ಮರುದಿನ ವ್ಯಾನು ಖಾಲಿ ಬಂತು. ಅನಸೂಯಮ್ಮ ಕಂಪ್ಯೂಟರಿನ ಹೊದಿಕೆ ಒಗೆದು ಒಣಹಾಕಿದರು. ರತ್ನ ಅಜ್ಜಿಯ ಏಳನೇ ರಾಜಕುಮಾರನ ಕಥೆ ಹೇಳಿದಾಗ ಅರ್ಧಕ್ಕೇ ತಡೆದು, "ನಾಳಿಂದ ನಾಲ್ಕು ಬನ್ನು ಜಾಸ್ತಿ ಬರ್ಕೋ. ನನ್ನೆಸ್ರಲ್ಲಿ" ಎಂದರು.

"ಯಾಕಕ್ಕ?"

"ನಿಮ್ಮಜ್ಜಿ ಮನೇಗೆ. ನೀರಿಗೋದ ಆ ಹುಡ್ಗ ವಾಪಸ್ ಬರೋ ಒತ್ಗೆ ಅಸಿದಿರ್ತಾನೆ, ಅಂಗೇ ಬರಿ."

ರತ್ನ ಹಾಗೆಯೇ ಬರೆದಳು.